ಬಿಳಿ ನೊಣಗಳಿಗೊಂದು ಅನ್ನಛತ್ರ

ಬೆಂಡೆಕಾಯಿ ಕಂಡರೆ ನನಗೆ ಇವತ್ತಿಗೂ ಸ್ವಲ್ಪ ನಾಚಿಕೆಯಾಗುತ್ತದೆ. ತರಕಾರಿಯ ಮುಂದೆ ತಲೆ ತಗ್ಗಿಸುವವಳು ಬಹುಶಃ ನಾನೊಬ್ಬಳೇ. ಕಾರಣ ಹೇಳಬೇಕಾದರೆ ಎಂಬತ್ತರ ದಶಕದ ಆರಂಭಕ್ಕೆ ಹೋಗಬೇಕು. ಆಗ ನಾನು ಬೆಳಗಾವಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಪ್ರಾಣಿಶಾಸ್ತ್ರ. ಓದಿದ್ದನ್ನು ಅದೇ ವಾರ ಯಾರ ಮೇಲಾದರೂ ಪ್ರಯೋಗ ಮಾಡದಿದ್ದರೆ ಅನ್ನ ಸೇರದ ವಯಸ್ಸು.

ನಮ್ಮ ಮನೆ ಹಿಂದವಾಡಿಯಲ್ಲಿತ್ತು. ಅಪ್ಪ ಮಚ್ಛೆಯ ಒಂದು ಸಣ್ಣ ಫೌಂಡ್ರಿಯಲ್ಲಿ ತಯಾರಾದ ಎರಕದ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದರು. ಒಂದೊಂದೇ ತುಂಡನ್ನು ಎತ್ತಿ ಬೆಳಕಿಗೆ ಹಿಡಿಯಬೇಕು, ಸುತ್ತಿಗೆಯಿಂದ ಮೆಲ್ಲಗೆ ಬಾರಿಸಬೇಕು, ಸದ್ದು ಕೇಳಿ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಬೇಕು. ಈ ಚಟ ಮನೆಗೂ ಬಂದಿತ್ತು. ತೆಂಗಿನಕಾಯಿ, ಮಡಕೆ, ಕಟಕ ರೊಟ್ಟಿ, ಯಾವುದನ್ನೂ ಬೆರಳಿನಿಂದ ಬಾರಿಸದೆ ಬಿಡುತ್ತಿರಲಿಲ್ಲ. ಮದುವೆಗೆ ಮುಂಚೆ ತನ್ನ ತಲೆಯನ್ನೂ ಒಮ್ಮೆ ಬಾರಿಸಿ ನೋಡಬೇಕಿತ್ತು ಎಂದು ಅವ್ವ ನಗುತ್ತಿದ್ದಳು.

ನನಗೆ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಓದುವ ಹುಚ್ಚು. ಅಪ್ಪನಿಗೆ ದೀಪಾವಳಿ ಮುಗಿದ ಕೂಡಲೇ ನನಗೆ ವರ ನೋಡಲು ಶುರುಮಾಡುವ ಅವಸರ. ಅಪ್ಪ ಕೆಟ್ಟವರಲ್ಲ, ಆದರೆ ಒಮ್ಮೆ ಬೇಡ ಎಂದರೆ ಬೇಡ. ನಾನು ಎರಡು ದಿನ ಊಟ ಬಿಟ್ಟು ನೋಡಿದೆ. ಮೂರನೆಯ ದಿನ ಅವ್ವ ಹೋಳಿಗೆ ಮಾಡಿದಳು, ಸತ್ಯಾಗ್ರಹ ಅಲ್ಲಿಗೇ ಮುಗಿಯಿತು.

ಕೊನೆಗೆ ನನ್ನ ವಕೀಲಿಕೆಗೆ ನಿಂತವನು ಖಾನಾಪುರದ ಮಾಮಾ, ಅವ್ವನ ಅಣ್ಣ. ಖಾನಾಪುರದ ಪೇಟೆ ದಾಟಿದರೆ ಅವನ ಹೊಲ, ಹೊಲಕ್ಕೆ ಹೊಂದಿಕೊಂಡು ಮನೆ, ಮನೆಯ ಹಿಂದೆ ನೀರು ನಿಲ್ಲದ ಇಳಿಜಾರಿನ ಹಿತ್ತಲು. ಅಲ್ಲಿ ಬೆಳೆಯುವ ಅವನ ಬೆಂಡೆಕಾಯಿಗೆ ಖಾನಾಪುರದ ಸಂತೆಯಲ್ಲಿ ಹೆಸರಿತ್ತು. ನಾಗರ ಪಂಚಮಿ ಮುಗಿದ ಮೇಲೆ ಒಂದು ರವಿವಾರ ನಮ್ಮ ಮನೆಗೆ ಬಂದವನು ಊಟಕ್ಕೆ ಕೂತಾಗ ಮಾತು ತೆಗೆದ. ಅಪ್ಪ ಮತ್ತು ಅವನು ಒಬ್ಬರನ್ನೊಬ್ಬರು ‘ಪಾವಣೇರು’ ಎಂದು ಕರೆಯುತ್ತಿದ್ದರು; ನಮ್ಮ ಕಡೆ ಬೀಗರನ್ನು ಹಾಗೆ ಕರೆಯುವುದು ರೂಢಿ.

“ಹುಡುಗಿ ಕಲೀಲಿ ಬಿಡ್ರಿ ಪಾವಣೇರ.”

“ಕಲ್ತ ಏನ ಮಾಡ್ತಾಳ್ರಿ? ಹುಳಾ ಎಣಿಸಿದ್ರ ಯಾರ ಹೊಟ್ಟಿ ತುಂಬತೈತಿ?” ಅಪ್ಪ ರೊಟ್ಟಿ ಮುರಿಯುತ್ತಲೇ ಕೇಳಿದರು.

ಮಾಮಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. “ಹಿತ್ತಲದಾಗ ಮೊನ್ನೆ ಬೆಂಡಿ ಬೀಜಾ ಹಾಕೇನಿ. ಆ ಪಟ್ಟಿ ಇಕಿ ಕೈಯಾಗ ಕೊಡ್ತೇನಿ. ಕಾಯಿ ಬಿಡಾಕ ಹತ್ತಿದ ಮ್ಯಾಲ ರವಿವಾರಕ್ಕ ಒಂದ ಬುಟ್ಟಿ ನಿಮ್ಮ ಮನಿಗೆ ಬರತೈತಿ. ದೀಪಾವಳಿತನಾ ತಪ್ಪದ ಬಂತಂದ್ರ, ಕಲ್ತದ್ದು ಉಪಯೋಗಕ್ಕ ಬಂತಂತ ತಿಳೀರಿ.”

“ಆತು,” ಎಂದರು ಅಪ್ಪ. “ಬಂದ್ರ ಧಾರವಾಡ. ತಪ್ಪಿದ್ರ ವರಾ ನೋಡೂದ. ಆಮ್ಯಾಲ ಯಾರೂ ಮಾತಾಡಬಾರ್ದ ಮತ್ತ.”

ಹೀಗೆ ನನ್ನ ಭವಿಷ್ಯ ಬೆಂಡೆಕಾಯಿಗೆ ಜೋತುಬಿತ್ತು. ಶನಿವಾರ ಕಾಲೇಜು ಬಿಟ್ಟ ಕೂಡಲೇ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರ, ರವಿವಾರ ಸಂಜೆ ವಾಪಸ್ಸು. ಕೈಯಲ್ಲೊಂದು ನೋಟುಬುಕ್ಕು, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಬೆಂಡೆ’. ಗಾಡಿಯಲ್ಲಿ ಎದುರು ಕೂತವರು ಓದಲಿ ಎಂದೇ ಹಾಗೆ ಬರೆದಿದ್ದೆ.

ಮಾಮಿಯ ವಿಷಯ ಇಲ್ಲಿ ಹೇಳಬೇಕು. ನಮ್ಮದು ಜೈನರ ಮನೆತನ. ಮಾಮಿ ಚಾತುರ್ಮಾಸದ ನಾಲ್ಕು ತಿಂಗಳು ಬಲು ಕಟ್ಟುನಿಟ್ಟು. ಹೊತ್ತು ಮುಳುಗುವ ಮುಂಚೆ ಊಟ, ಸೊಪ್ಪು ತಿನ್ನುವಂತಿಲ್ಲ, ಹಿತ್ತಲಿಗೆ ಔಷಧ ಹೊಡೆಯುವಂತಿಲ್ಲ. ಮಾಮಾ ಹೊಲದಲ್ಲಿ ಏನು ಮಾಡಿದರೂ ಅವಳು ಕಂಡೂ ಕಾಣದಂತೆ ಇರುತ್ತಿದ್ದಳು, ಹಿತ್ತಲು ಮಾತ್ರ ಅವಳ ರಾಜ್ಯ. ಒಂದು ರವಿವಾರ ಬೆಳಿಗ್ಗೆ ಅವಳ ಅರಿಶಿನ ಬಣ್ಣದ ಸೀರೆ ಬೇಲಿಯ ಮೇಲೆ ಒಣಗುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಮೈತುಂಬ ಬಿಳಿ ಚುಕ್ಕೆ. ಮುಟ್ಟಿದರೆ ಚುಕ್ಕೆ ಹಾರಿದವು. ಅಕ್ಕಿನುಚ್ಚಿಗಿಂತ ಚಿಕ್ಕ ಬಿಳಿ ನೊಣಗಳು. ಕೊಡವಿದರೆ ಸತ್ತಾವು ಎಂದು ಮಾಮಿ ಸೀರೆಯ ಉದ್ದಕ್ಕೂ ನಡೆಯುತ್ತ ಊದತೊಡಗಿದಳು. ಒಂಬತ್ತು ಗಜದ ಸೀರೆಯನ್ನು ಊದಿ ಸ್ವಚ್ಛ ಮಾಡಲು ಅರ್ಧ ಬೆಳಗು ಹಿಡಿಯಿತು. ನಾನು ಇನ್ನೊಂದು ತುದಿಯಿಂದ ಊದಿದೆ. ನಡುವೆ ಭೇಟಿಯಾದಾಗ ಇಬ್ಬರಿಗೂ ತಲೆ ತಿರುಗುತ್ತಿತ್ತು.

ಪಕ್ಕದಲ್ಲೇ ಇದ್ದ ಮಾಮಿಯ ಬಿಳಿ ಸೀರೆಯ ಮೇಲೆ ಒಂದು ನೊಣವೂ ಇರಲಿಲ್ಲ. ಅದು ನನ್ನ ತಲೆಯಲ್ಲಿ ಕೂತಿತು.

ಆ ವಾರವೇ ತರಗತಿಯಲ್ಲಿ ನಮ್ಮ ಸರ್ ಒಂದು ಮಾತು ಹೇಳಿದರು. ಕೆಲವು ಗಿಡಗಳಿಗೆ ವೈರಸ್ ತಗುಲಿದರೆ ಎಲೆ ಹಳದಿಯಾಗುತ್ತದೆ, ಆ ಹಳದಿಗೆ ಬಿಳಿ ನೊಣಗಳು ಮರುಳಾಗಿ ಬರುತ್ತವೆ. ಕಾಲಿಲ್ಲದ ವೈರಸ್ಸು ತನ್ನ ಗಾಡಿಯನ್ನು ತಾನೇ ಕರೆಸಿಕೊಳ್ಳುತ್ತದೆ, ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಭಾಗ ಶನಿವಾರದ ಕೊನೆಯ ತರಗತಿಯಲ್ಲಿ. ನಾನು ಆ ತರಗತಿ ತಪ್ಪಿಸಿ ಗಾಡಿ ಹಿಡಿದೆ. ಅರ್ಧ ಪಾಠ ಹೊತ್ತು ಖಾನಾಪುರಕ್ಕೆ ಹೋದವಳು ನಾನು.

ಹೋಗಿ ನೋಡಿದರೆ ಮಾಮಾ ಬಾವಿಯ ಕಡೆಯ ಮೂಲೆಯಲ್ಲಿ ಬಗ್ಗಿದ್ದ. ಅಲ್ಲಿ ಐದು ಬೆಂಡೆ ಗಿಡಗಳ ಎಲೆಯಲ್ಲಿ ನರಗಳೆಲ್ಲ ಹಳದಿಯಾಗಿ ಬಲೆ ನೇಯ್ದಂತೆ ಕಾಣುತ್ತಿದ್ದವು. ಅವನು ಒಂದನ್ನು ಬುಡದಲ್ಲಿ ಹಿಡಿದು ಕೀಳುವುದರಲ್ಲಿದ್ದ.

“ಮಾಮಾ, ನಿಲ್ಲು. ಕೀಳಬ್ಯಾಡ.”

“ಹಳದಿ ಬ್ಯಾನಿ ಬಂದೈತಿ ತಂಗಿ. ಕೀಳಬೇಕು. ನಮ್ಮಪ್ಪನ ಕಾಲದಿಂದ ಕೀಳ್ಕೋತನ ಬಂದೇವಿ.”

“ಯಾಕ ಕೀಳ್ತೀರಿ, ಹೇಳು ನೋಡೂಣು?”

ಮಾಮಾ ಸೊಂಟ ನೆಟ್ಟಗೆ ಮಾಡಿ ಯೋಚಿಸಿದ. “ಯಾಕಂದ್ರ ಹಳದಿ ಆಗ್ಯಾವು. ಅದಕ್ಕ ಕೀಳ್ತೇವಿ.”

ಇಷ್ಟು ಸಾಕಾಗಿತ್ತು ನನಗೆ. ಎಲೆ ಮಗುಚಿ ತೋರಿಸಿದೆ. ಹಳದಿ ಎಲೆಯ ಕೆಳಗೆ ಬಿಳಿ ನೊಣಗಳ ಜಾತ್ರೆ, ಪಕ್ಕದ ಹಸಿರು ಗಿಡದ ಎಲೆಯ ಕೆಳಗೆ ಒಂದೋ ಎರಡೋ. ನಂತರ ಭಾಷಣ ಶುರುಮಾಡಿದೆ. ಈ ನೊಣವೇ ರೋಗ ಒಯ್ಯುವುದು ಎಂಬುದು ನನಗೆ ಗೊತ್ತಿತ್ತು, ಅದನ್ನೂ ಹೇಳಿದೆ. ಆದರೆ ಅದಕ್ಕೆ ಹಳದಿ ಅಂದರೆ ಪ್ರಾಣ. ಎಲ್ಲ ನೊಣಗಳೂ ಈ ಐದು ಗಿಡಕ್ಕೇ ಬರುತ್ತವೆ, ಇಲ್ಲೇ ಉಣ್ಣುತ್ತವೆ, ಇಲ್ಲೇ ಇರುತ್ತವೆ. ಹಬ್ಬದೂಟ ಬಿಟ್ಟು ಸಪ್ಪೆ ಊಟಕ್ಕೆ ಯಾರು ಹೋಗುತ್ತಾರೆ? ಐದು ಗಿಡ ಅವಕ್ಕೆ, ಉಳಿದದ್ದು ನಮಗೆ. ಔಷಧವೂ ಬೇಡ, ಹಿಂಸೆಯೂ ಬೇಡ. ಕಿತ್ತರೆ ನೊಣಗಳು ದಿಕ್ಕೆಟ್ಟು ಹಸಿರು ಗಿಡದ ಮೇಲೆ ಬೀಳುತ್ತವೆ.

ಮಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಈ ಮಾತು ಬಹಳ ಹಿಡಿಸಿತು. “ಖರೇ ಹೇಳ್ತಾಳ ನೋಡ್ರಿ. ಹುಳಕ್ಕೂ ಒಂದ ಅನ್ನಛತ್ರ ಇರ್ಲಿ. ಅವೂ ಉಣ್ಲಿ, ನಾವೂ ಉಣ್ಣೂಣು.”

ಮಾಮಾ ಒಮ್ಮೆ ಗಿಡ ನೋಡಿದ, ಒಮ್ಮೆ ನನ್ನ ನೋಟುಬುಕ್ಕು ನೋಡಿದ. ಹಿಡಿದ ಬುಡ ಬಿಟ್ಟ. “ಕಲ್ತಾಕಿ ಹೇಳಾಕತ್ತಾಳಂದ ಮ್ಯಾಲ ಆತು.” ಅವನ ಕೈಗೆ ಅದು ಒಪ್ಪಿಗೆಯಾಗಿರಲಿಲ್ಲ, ಬಹಳ ಹೊತ್ತು ಆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಲೇ ಇದ್ದ.

ಮೊದಲು ಎಲ್ಲವೂ ನಾನು ಹೇಳಿದಂತೆಯೇ ಆಯಿತು. ದಸರೆಗೆ ಮುಂಚೆ ಮೊದಲ ಬುಟ್ಟಿ ಹಿಂದವಾಡಿಗೆ ಬಂತು. ಎಳೆಯ, ಹಸಿರು, ಮುರಿದರೆ ಚಟಕ್ ಎನ್ನುವ ಕಾಯಿ. ಅಪ್ಪ ಒಂದನ್ನು ಬಾರಿಸಿ, ಬೆಳಕಿಗೆ ಹಿಡಿದು, ಬುಟ್ಟಿಗೆ ಹಾಕಿದರು. ಆ ವಾರ ನಮ್ಮ ಮನೆಯಲ್ಲಿ ಬೆಂಡೆ ಪಲ್ಯ, ಬೆಂಡೆ ಸಾರು, ಬೆಂಡೆ ಗೊಜ್ಜು. ಎರಡನೆಯ ರವಿವಾರವೂ ಬುಟ್ಟಿ ತುಂಬಿತ್ತು. ಛತ್ರದ ಗಿಡಗಳಲ್ಲಿ ನೊಣ ಇನ್ನೂ ಹೆಚ್ಚಾಗಿದ್ದವು. ಬೆಳಗಿನ ಚಳಿಗೆ ಅವು ಹಾರುವುದಿಲ್ಲ, ಹಾಗಾಗಿ ಸೂರ್ಯ ಮೇಲೇರುವ ಮುಂಚೆ ಎಲೆ ಮಗುಚಿ ಎಣಿಸಿ ಬರೆಯುತ್ತಿದ್ದೆ. ಹಳದಿ ಗಿಡಕ್ಕೊಂದು ಕಾಲಂ, ಹಸಿರು ಗಿಡಕ್ಕೊಂದು ಕಾಲಂ. ಎರಡನೆಯ ಸಾಲಿನಲ್ಲಿ ಎರಡು ಗಿಡದ ಎಲೆ ಸ್ವಲ್ಪ ಬಿಳಿಚಿದಂತೆ ಕಂಡಿತು. ಬಿಸಿಲಿಗೆ ಹಾಗಾಗಿದೆ ಎಂದು ಬರೆದುಕೊಂಡೆ. ಹೆಮ್ಮೆ ಬಂದಾಗ ಕಣ್ಣು ಕೆಲಸ ಬಿಡುತ್ತದೆ.

ಆಮೇಲೆ ಕಾಲೇಜಿನಲ್ಲಿ ಪರೀಕ್ಷೆ ಬಂತು. ಎರಡು ವಾರ ಖಾನಾಪುರಕ್ಕೆ ಹೋಗಲಾಗಲಿಲ್ಲ. ಆದರೆ ಬುಟ್ಟಿ ತಪ್ಪಲಿಲ್ಲ. ದಿನಾ ಗಾಡಿಯಲ್ಲಿ ಬರುವ ಹಾಲಿನವರ ಕೈಯಲ್ಲಿ ಮಾಮಾ ಕಳಿಸುತ್ತಿದ್ದ, ಕಂಠಮಟ್ಟ ತುಂಬಿಸಿ. ಅಪ್ಪ ಆ ಎರಡು ವಾರವೂ ಒಂದೆರಡು ಕಾಯಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಸುಮ್ಮನಾದರು. ನಾನು ಮನಸ್ಸಿನಲ್ಲೇ ಧಾರವಾಡದಲ್ಲಿ ಹಾಸ್ಟೆಲ್ ಕೋಣೆ ಹಿಡಿದು, ಕಿಟಕಿಗೆ ಪರದೆ ಕೂಡ ಕಟ್ಟಿದ್ದೆ.

ದೀಪಾವಳಿಗೆ ಒಂದು ವಾರ ಇರುವಾಗ ಪರೀಕ್ಷೆ ಮುಗಿಸಿ ಖಾನಾಪುರಕ್ಕೆ ಓಡಿದೆ. ಹಿತ್ತಲಿಗೆ ಕಾಲಿಟ್ಟವಳು ಅಲ್ಲೇ ನಿಂತೆ.

ಇಡೀ ಪಟ್ಟಿ ಹಳದಿ. ಬಾವಿಯ ಮೂಲೆಯಿಂದ ಬೇಲಿಯವರೆಗೆ ಒಂದು ಹಸಿರು ಎಲೆ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಕಾಯಿ, ಅವೂ ಮೋಟು, ಬಿಳಿಚಿಕೊಂಡು ಒರಟಾಗಿ. ವಿಚಿತ್ರವೆಂದರೆ ನಾನು ಕಟ್ಟಿಸಿದ ಛತ್ರದಲ್ಲಿ, ಆ ಮೊದಲ ಐದು ಗಿಡಗಳಲ್ಲಿ, ಈಗ ನೊಣಗಳೇ ಕಡಿಮೆ. ಎಲ್ಲ ಮುಂದೆ ಮುಂದೆ ಹೋಗಿದ್ದವು. ಗಿಡದ ಪಕ್ಕದಲ್ಲೇ ಕುಕ್ಕರಿಸಿ ಕೂತೆ.

ಮಾಮಿ ಬಂದು ನನ್ನ ಬಾಜು ಕೂತಳು. “ತಪ್ಪು ನನ್ನದೂ ಐತಿ ಬೇ. ಅನ್ನಛತ್ರ ಅಂತ ನಾನೂ ಕುಣದೆ. ಉಂಡಾವು ಸುಮ್ನ ಕುಂದ್ರತಾವೇನ? ಬುತ್ತಿ ಕಟಗೊಂಡ ಮುಂದಿನ ಮನಿಗೆ ಹೋಗ್ಯಾವ.”

ಆಗ ನನಗೆ ಹೊಳೆಯಿತು. “ಮಾಮಿ, ಹ್ವಾದ ವಾರ ತುಂಬಿದ ಬುಟ್ಟಿ ಬಂದಿತ್ತು. ಅದರ ಹಿಂದಿನ ವಾರಾನೂ ಬಂದಿತ್ತು. ಎಲ್ಲಿಂದ ಬಂತು?”

ಮಾಮಿ ಸೆರಗಿನ ತುದಿ ಸುರುಳಿ ಸುತ್ತಿದಳು. ಹೇಳಬಾರದು ಎಂದು ಮಾಮಾ ಕಟ್ಟಪ್ಪಣೆ ಮಾಡಿದ್ದ, ಆದರೆ ಮಾಮಿಗೆ ಸುಳ್ಳು ಹೇಳುವುದೂ ವ್ರತಭಂಗವೇ. “ನಿಮ್ಮ ಮಾಮಾ ಸಂತ್ಯಾಗ ಕೊಂಡ ಕಳಿಸ್ಯಾರ. ಮಂದಿ ಎಲ್ಲಾ ನಗತಾರಂತ. ಬೆಂಡಿ ಮಾರಾಂವ ಬೆಂಡಿ ಕೊಳ್ಳಾಕ ಬಂದಾನಂತ. ತಲಿ ಕೆಳಗ ಹಾಕಿ ಕೊಂಡ ಬಂದಾರ.”

ಅದನ್ನು ಕೇಳಿ ಅಳು ತಡೆಯಲಾಗಲಿಲ್ಲ. ಗಿಡ ಹೋದದ್ದಕ್ಕಲ್ಲ. ಊರಿಗೆಲ್ಲ ಬೆಂಡೆ ತಿನ್ನಿಸಿದ ಮನುಷ್ಯ ನನಗಾಗಿ ಸಂತೆಯಲ್ಲಿ ತಲೆ ತಗ್ಗಿಸಿ ನಿಂತದ್ದಕ್ಕೆ.

ಅಷ್ಟರಲ್ಲಿ ಮಾಮಾ ಬಂದ, ಕೈಯಲ್ಲಿ ತುಂಬಿದ ಬುಟ್ಟಿ. ನನ್ನನ್ನು ನೋಡಿ ಬುಟ್ಟಿಯನ್ನು ಬೆನ್ನಹಿಂದೆ ಇಟ್ಟುಕೊಳ್ಳಲು ನೋಡಿದ. ಬುಟ್ಟಿ ಅವನಿಗಿಂತ ಅಗಲವಾಗಿತ್ತು.

“ಆ ಬುಟ್ಟಿ ನಾ ಒಯ್ಯೂದಿಲ್ಲ ಮಾಮಾ.”

“ಹುಚ್ಚಿ. ಇದೊಂದ ವಾರದ ಮಾತ ಐತಿ. ಒಯ್ದ ಕೊಟ್ಟು ಧಾರವಾಡಕ್ಕ ಹೋಗು. ಬೆಂಡಿ ಯಾರ ಗಿಡದ್ದಾದ್ರೂ ಬೆಂಡೀನ.”

“ನಮ್ಮ ಹಿತ್ತಲದ್ದಲ್ಲ ಅದು.”

ಮಾಮಾ ಮೆಟ್ಟಿಲ ಮೇಲೆ ಕೂತುಬಿಟ್ಟ. “ನಿಮ್ಮಪ್ಪಗ ನಾ ಮಾತ ಕೊಟ್ಟ ಬಂದೇನಿ ತಂಗಿ. ನನಗ ಗೊತ್ತಿತ್ತು, ಕೀಳಬೇಕಂತ. ಕೈ ಹೇಳಾಕತ್ತಿತ್ತು. ಯಾಕ ಅಂತ ಹೇಳಾಕ ಬರಲಿಲ್ಲ, ಅಷ್ಟ.”

ನಾನು ಎದ್ದು ಹೋಗಿ ಪಟ್ಟಿಯಲ್ಲಿದ್ದ ಕಾಯಿಗಳನ್ನೆಲ್ಲ ಕೊಯ್ದೆ. ಹತ್ತೊಂಬತ್ತು ಸಿಕ್ಕವು. ಮಾರನೆಯ ಬೆಳಿಗ್ಗೆ ಸಾಲು ಸಾಲಾಗಿ ನಡೆದು ಯಾವ ಗಿಡ ಎಷ್ಟು ಹಳದಿ, ಯಾವುದರಲ್ಲಿ ಎಷ್ಟು ನೊಣ ಎಂದು ಎಣಿಸಿ ಬರೆದೆ. ಮಾಮಾ ನನ್ನ ಹಿಂದೆಯೇ ಬಂದು ಯಾವ ಸಾಲು ಯಾವ ವಾರ ಕೆಟ್ಟಿತೆಂದು ನೆನಪಿಸಿಕೊಂಡು ಹೇಳಿದ. ಹಳೆಯ ಪುಟದಲ್ಲಿ ‘ಬಿಸಿಲಿಗೆ’ ಎಂದು ಬರೆದದ್ದನ್ನು ಹೊಡೆದು ‘ನನ್ನ ತಪ್ಪು’ ಎಂದು ಬರೆದೆ. ಅದನ್ನು ಬರೆದ ಮೇಲೆ ಯಾಕೋ ಹೊಟ್ಟೆ ಹಗುರಾಯಿತು, ಮಾಮಿ ಮಾಡಿದ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ.

ವಾಪಸ್ಸು ಬರುವಾಗ ಗಾಡಿ ದೇಸೂರಿಗೆ ಬರುವಷ್ಟರಲ್ಲಿ ಆ ಹಗುರ ಇಳಿದುಹೋಗಿತ್ತು. ಹೆಚ್ಚುಕಡಿಮೆ ಖಾಲಿ ಬುಟ್ಟಿಯ ತಳದಲ್ಲಿ ಕಾಯಿಗಳು ಉರುಳುವ ಸದ್ದು ಕೇಳಿದಾಗಲೆಲ್ಲ ಧಾರವಾಡದ ಕೋಣೆಯ ಪರದೆ ಕಳಚಿ ಬೀಳುತ್ತಿತ್ತು.

ಅಪ್ಪ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಬುಟ್ಟಿಯನ್ನು ಅವರ ಮುಂದೆ ಇಟ್ಟೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಛತ್ರ, ಬುತ್ತಿ, ಹಿಂದಿನ ಎರಡು ಬುಟ್ಟಿ ಸಂತೆಯವು ಎಂಬುದು, ಮಾಮಾನ ಮೇಲೆ ಸಿಟ್ಟು ಮಾಡಬಾರದು ಎಂಬುದು. ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ.

ಅಪ್ಪ ಒಂದು ಹಳದಿ ಕಾಯಿ ಎತ್ತಿ ಬೆಳಕಿಗೆ ಹಿಡಿದರು. “ಅವು ಸಂತೀವು ಅಂತ ನನಗ ಗೊತ್ತಿತ್ತು.”

“ಹೆಂಗ?” ಎಂದೆ.

“ಮೊದಲನೇ ಎರಡ ಬುಟ್ಟಿ ಒಂದ ಪ್ಯಾಟರ್ನಿನ ಮಾಲು, ಒಂದ ಅಚ್ಚಿನಾಗ ಎರದಂಗ. ಉದ್ದ, ಸಪೂರ, ಮೈಮ್ಯಾಲಿನ ಧಾರಿ ಎಲ್ಲಾ ಸಮಾ. ಮೂರನೇದ್ರಾಗ ನಾಕ ನಮೂನಿ ಬೆಂಡಿ ಇದ್ವು. ಒಂದ ಹಿತ್ತಲದಾಗ ನಾಕ ನಮೂನಿ ಹೆಂಗ ಬೆಳೀತಾವು? ಇಪ್ಪತ್ತ ವರ್ಷಾ ಮಾಲು ನೋಡಾಕತ್ತೇನಿ ನಾ.”

“ಮತ್ಯಾಕ ಸುಮ್ನಿದ್ರಿ?”

“ನೀ ಹೇಳ್ತೀ ಏನ ಅಂತ ನೋಡಾಕತ್ತಿದ್ದೆ.” ಅವರು ಕೈ ಚಾಚಿದರು. “ಆ ಬುಕ್ಕ ಕೊಡಿಲ್ಲೆ.”

ಪುಟ ತಿರುವಿ ಓದಿದರು. ಹಳದಿ ಕಾಲಂ, ಹಸಿರು ಕಾಲಂ, ವಾರದಿಂದ ವಾರಕ್ಕೆ ನೊಣ ಎಲ್ಲಿಂದ ಎಲ್ಲಿಗೆ ಹೋದವು ಎಂಬ ನಕ್ಷೆ. ‘ನನ್ನ ತಪ್ಪು’ ಎಂದಿದ್ದಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದರು. ಚಹಾ ಆರಿಹೋಯಿತು.

“ನಮ್ಮಲ್ಲಿ ಕೆಟ್ಟ ಮಾಲು ದಿನಾ ಬೀಳತೈತಿ,” ಎಂದರು ಕೊನೆಗೆ. “ಯಾಕ ಕೆಟ್ಟಿತು ಅಂತ ಕೇಳಿದ್ರ ಒಬ್ಬಾಂವ ಉಸುಕಿನ ಮ್ಯಾಲ ಹಾಕ್ತಾನ, ಒಬ್ಬಾಂವ ಭಟ್ಟಿ ಮ್ಯಾಲ ಹಾಕ್ತಾನ. ನಾನ ಕೆಡಿಸೇನಿ, ಹಿಂಗಿಂಗ ಕೆಡಿಸೇನಿ ಅಂತ ಬರದ ತಂದಾವರನ್ನ ಇವತ್ತಿನ ತನಕಾ ನೋಡಿರಲಿಲ್ಲ.” ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು. “ಧಾರವಾಡದ ಫಾರ್ಮು ಯಾವಾಗ ಕೊಡ್ತಾರ, ಕೇಳ್ಕೊಂಡ ಬಾ.”

ಅವ್ವ ಆಗ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು; ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ ಎನ್ನಲು ನಮ್ಮ ಮನೆಯಲ್ಲಿ ಚಾತುರ್ಮಾಸದಲ್ಲಿ ಉಳ್ಳಾಗಡ್ಡಿ ತರುತ್ತಲೇ ಇರಲಿಲ್ಲ. ಆ ಹತ್ತೊಂಬತ್ತು ಕಾಯಿಗಳನ್ನು ಅವಳು ಪಲ್ಯ ಮಾಡಿದಳು. ನಾರು ನಾರಾಗಿದ್ದ ಪಲ್ಯವನ್ನು ಅಪ್ಪ ಪೂರ್ತಿ ಅಗಿದು ತಿಂದರು.

ತಪ್ಪಿಸಿಕೊಂಡ ಅರ್ಧ ಪಾಠ ನನಗೆ ಪೂರ್ತಿ ಸಿಕ್ಕಿದ್ದು ಬಹಳ ವರ್ಷಗಳ ನಂತರ. ಟೊಮೆಟೊ ಎಲೆಗಳನ್ನು ಮುದುಡಿಸುವ ಇಂಥದೇ ಒಂದು ವೈರಸ್ ಬಗ್ಗೆ ಓದುತ್ತಿದ್ದೆ. ವೈರಸ್ ಇಲ್ಲದ ಬಿಳಿ ನೊಣ ರೋಗದ ಗಿಡವನ್ನೇ ಹುಡುಕಿಕೊಂಡು ಬರುತ್ತದಂತೆ. ಅಲ್ಲಿ ಉಂಡು ವೈರಸ್ ಹೊತ್ತ ಮೇಲೆ ಅದರ ರುಚಿಯೇ ಬದಲಾಗಿ ಆರೋಗ್ಯದ ಗಿಡವೇ ಬೇಕೆನ್ನುತ್ತದಂತೆ. ಕರೆಯುವುದೂ ರೋಗವೇ, ಬುತ್ತಿ ಕಟ್ಟಿ ಮುಂದಿನ ಮನೆಗೆ ಕಳಿಸುವುದೂ ರೋಗವೇ. ಬೆಂಡೆಯ ವೈರಸ್ಸೂ ಅಷ್ಟೇ ಜಾಣನೋ ಏನೋ, ನಾನು ಆಣೆ ಇಟ್ಟು ಹೇಳಲಾರೆ. ಆದರೆ ಓದುತ್ತಿದ್ದ ಗ್ರಂಥಾಲಯದಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಮಾಮಿ ಒಂದೂ ಪುಸ್ತಕ ತೆರೆಯದೆ ಹಿತ್ತಲಲ್ಲಿ ಕೂತು ಅದನ್ನೇ ಹೇಳಿದ್ದಳು.

ಮುಂದಿನ ವರ್ಷ ಬಿ.ಎಸ್ಸಿ. ಮುಗಿಸಿ ನಾನು ಧಾರವಾಡಕ್ಕೆ ಹೊರಟ ದಿನ ಮಾಮಾ ಬೆಳಗಾವಿ ಸ್ಟೇಶನ್ನಿಗೆ ಬಂದ, ಬುಟ್ಟಿ ಹಿಡಿದುಕೊಂಡು. ಬೆಂಡೆಕಾಯಿಯನ್ನು ಹಾಸ್ಟೆಲ್ಲಿಗೆ ಯಾರು ಒಯ್ಯುತ್ತಾರೆ ಎಂದು ಅವ್ವ ಗೊಣಗಿದಳು. ಮಾಮಾ ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗಾಗಲೇ ಅವನು ಹಳದಿ ಗಿಡ ಕೀಳುವಾಗ ಪಕ್ಕದ ಹೊಲದವರನ್ನು ಕರೆದು ಯಾಕೆ ಕೀಳಬೇಕೆಂದು ಪೂರಾ ವಿವರಿಸುತ್ತಾನೆಂದು, ಕೇಳಿ ಕೇಳಿ ಅವರು ಅವನನ್ನು ಕಂಡರೆ ದಾರಿ ಬದಲಿಸುತ್ತಾರೆಂದು ಮಾಮಿ ಹೇಳಿಕಳಿಸಿದ್ದಳು.

“ಈ ಸಲ ನಮ್ಮ ಹಿತ್ತಲದ್ದ,” ಎಂದ ಮಾಮಾ, ಬುಟ್ಟಿಯನ್ನು ನನಗೆ ಕೊಡದೆ ಅಪ್ಪನ ಮುಂದೆ ಚಾಚಿ.

ಗಾಡಿ ಸೀಟಿ ಹಾಕಿತ್ತು. ಆದರೂ ಅಪ್ಪ ಅವಸರ ಮಾಡಲಿಲ್ಲ. ಬುಟ್ಟಿಯ ಮೇಲಿಂದ ಒಂದು, ತಳದಿಂದ ಒಂದು ಕಾಯಿ ಆರಿಸಿ, ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದರು. ಬೆರಳಿನಿಂದ ಬಾರಿಸಿದರು.

“ಒಂದ ಪ್ಯಾಟರ್ನ ಐತ್ರಿ ಪಾವಣೇರ,” ಎಂದರು ಅಪ್ಪ, ಮತ್ತು ಬುಟ್ಟಿಯನ್ನು ಎತ್ತಿ ಸರಳಿಲ್ಲದ ಕಿಟಕಿಯಿಂದ ನನ್ನ ಮಡಿಲಿಗಿಟ್ಟರು.